ತುಂಬಿದ ನೀರು, ತಿರುಗುವ ನೀರು

ಪೈಠಣದ ಬಳಿ ಗೋದಾವರಿಗೆ ಅಡ್ಡ ಕಟ್ಟಿದ ಜಾಯಕವಾಡಿ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ನಾಥಸಾಗರವೆಂದು ಹೆಸರು. ಸಂತ ಏಕನಾಥರ ಊರಿನ ಸಾಗರ ಅದು. ತುಂಬಿದಾಗ ಸುಮಾರು 350 ಚದರ ಕಿಲೋಮೀಟರ್ ಹರಡುತ್ತದೆ. ಉದ್ದ 55 ಕಿ.ಮೀ., ಅಗಲವಾದ ಕಡೆ 27 ಕಿ.ಮೀ. ಛತ್ರಪತಿ ಸಂಭಾಜಿನಗರ ಕುಡಿಯುವುದು ಈ ನೀರನ್ನು. ಈ ನೀರು ಬರುವುದು ಮುಖ್ಯವಾಗಿ ಮೇಲಿನ ನಾಶಿಕ್ ಮತ್ತು ಅಹಿಲ್ಯಾನಗರ ಜಿಲ್ಲೆಗಳಿಂದ. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೇಳಿದ ನದಿಯೂ ಈ ಗೋದಾವರಿಯೇ.

ನಾಥಸಾಗರದ ದಂಡೆಯಲ್ಲಿ ಮಾತಾಡಿದವರು ಇಬ್ಬರು ಕನ್ನಡಿಗರು. ಹಿರಿಯರು ಬಾಗಲಕೋಟೆಯ ಕಡೆಯವರು. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿ ಈಗ ಸಂಭಾಜಿನಗರದಲ್ಲಿ ಮಗನ ಮನೆಯಲ್ಲಿದ್ದಾರೆ. ಕಿರಿಯಳು ಮೈಸೂರಿನ ಕಡೆಯ ಸಂಶೋಧಕಿ, ಸಿಹಿನೀರಿನ ಜೀವಿಗಳನ್ನು ಓದುವವಳು. ನಾಶಿಕ್ ಜಿಲ್ಲೆಯ ನಾಂದೂರ್ ಮಧಮೇಶ್ವರದಿಂದ ಪೈಠಣದವರೆಗೆ ನೀರನ್ನು ನೋಡುತ್ತ ಬಂದಿದ್ದಳು. ಬೇಸಿಗೆ ಶುರುವಾಗಿತ್ತು, ನೀರು ದಂಡೆ ಬಿಟ್ಟು ಸರಿದಿತ್ತು.

ಹಿರಿಯರು: ನೌಕರಿ ತುಂಬ ನೀರಿನ ಲೆಕ್ಕ ಬರದಾಂವ ನಾನು, ತಂಗಿ. ಇದರೊಳಗ 102 ಟಿಎಂಸಿ ಹಿಡಿತೈತಿ, ಬಳಸಾಕ ಸಿಗೋದು 76ರ ಆಸುಪಾಸು. ಈ ಎರಡು ಅಂಕಿ ಗೊತ್ತಿದ್ರ ಮರಾಠವಾಡದ ಕಷ್ಟಸುಖ ಅರ್ಧ ಗೊತ್ತಾದಂಗ. ನೀ ನೋಡಿದ್ರ ನೀರು ತಿರುಗಬೇಕು, ಬೆರೀಬೇಕು ಅಂತಿ. ಕಟ್ಟಿ ನಿಲ್ಲಿಸಿದ ನೀರಿಗೆ ಎಂಥ ತಿರುಗಾಟ?

ಸಂಶೋಧಕಿ: ನಿಂತಿದೆ ಅನ್ನೋದು ದಂಡೆಯಿಂದ ಕಾಣೋದು, ಸರ್. ನಿಮ್ಮ ಅಂಕಿಯಿಂದಲೇ ಶುರು ಮಾಡ್ತೀನಿ. 102 ಟಿಎಂಸಿ ಅಂದರೆ ಸುಮಾರು 290 ಕೋಟಿ ಘನ ಮೀಟರ್. ಅದನ್ನು 350 ಚದರ ಕಿಲೋಮೀಟರಿಗೆ ಹಂಚಿದರೆ ಸರಾಸರಿ ಆಳ ಎಂಟು ಮೀಟರ್ ಚಿಲ್ಲರೆ, ಅಷ್ಟೇ. ಇಷ್ಟು ಅಗಲ, ಇಷ್ಟು ಕಡಿಮೆ ಆಳ. ಇಂಥ ನೀರಿನಲ್ಲಿ ಎಲ್ಲವನ್ನೂ ನಿರ್ಧರಿಸೋದು ಬಿಸಿಲು ಮತ್ತು ಗಾಳಿ. ಬಿಸಿಲಿಗೆ ಮೇಲಿನ ನೀರು ಕಾಯುತ್ತೆ, ಕಾದ ನೀರು ಹಗುರಾಗಿ ಮೇಲೇ ಉಳಿಯುತ್ತೆ. ಕೆಳಗಿನದು ಕೆಳಗೇ.

ಹಿರಿಯರು: ಮೇಲಕ್ಕೂ ಕೆಳಗೂ ಎಷ್ಟು ಫರಕು ಇರ್ತೈತಿ? ಒಂದು ಡಿಗ್ರಿ, ಎರಡು ಡಿಗ್ರಿ?

ಸಂಶೋಧಕಿ: ನಮ್ಮ ಸೀಮೆಯಲ್ಲಿ ಅಷ್ಟೇ ಸಾಕು. ತಣ್ಣನೆಯ ದೇಶದ ಸರೋವರದಲ್ಲಿ ನಾಲ್ಕು ಡಿಗ್ರಿಯ ನೀರಿಗೂ ಐದು ಡಿಗ್ರಿಯ ನೀರಿಗೂ ತೂಕದಲ್ಲಿ ಇರೋ ವ್ಯತ್ಯಾಸ ಎಷ್ಟೋ, ಇಪ್ಪತ್ತೊಂಬತ್ತಕ್ಕೂ ಮೂವತ್ತಕ್ಕೂ ಇರೋದು ಅದರ ಮೂವತ್ತು ಪಟ್ಟಿಗೂ ಹೆಚ್ಚು. ಅಂದರೆ ಮರಾಠವಾಡದ ಏಪ್ರಿಲ್ ಬಿಸಿಲಿನಲ್ಲಿ ಒಂದೆರಡು ಡಿಗ್ರಿಯೇ ಪದರಗಳನ್ನು ಬೇರೆಯಾಗಿ ಇಡಬಲ್ಲದು. ಗಾಳಿ ಜೋರಾದಾಗ ಅಥವಾ ರಾತ್ರಿ ಮೇಲ್ಮೈ ತಣ್ಣಗಾದಾಗ ಪದರ ಒಡೆದು ನೀರು ಬೆರೆಯುತ್ತೆ. ಮತ್ತೆ ಹಗಲು, ಮತ್ತೆ ಪದರ.

ಹಿರಿಯರು: ಹಂಗಾದ್ರ ತಕರಾರು ಎಲ್ಲೈತಿ? ಇದು ಬಯಲು ಸೀಮೆ, ಅಡ್ಡಕ್ಕ ಒಂದು ಗುಡ್ಡ ಇಲ್ಲ. ಗಾಳಿ ಬೀಸಿದ್ರ ಈ ದಂಡಿಗೆ ಸಮುದ್ರದಂಗ ತೆರಿ ಬಡಿತಾವ. ಎಂಟು ಮೀಟರ್ ನೀರು ಬೆರಸೋದು ಗಾಳಿಗೆ ದೊಡ್ಡ ಮಾತೇನಲ್ಲ.

ಸಂಶೋಧಕಿ: ಬಹಳ ದಿನ ಹಾಗೇ ಆಗುತ್ತೆ. ಅದಕ್ಕೇ ಇದು ಇನ್ನೂ ಜೀವ ಇರೋ ನೀರು. ಆದರೆ ಎಂಟು ಮೀಟರ್ ಸರಾಸರಿ. ಅಣೆಕಟ್ಟಿನ ಹತ್ತಿರ ಹಳೇ ನದಿಪಾತ್ರ ಅದಕ್ಕಿಂತ ಎಷ್ಟೋ ಆಳ ಇದೆ. ಮೋಡ ಕವಿದು ಗಾಳಿ ಬಿದ್ದುಹೋದ ನಾಲ್ಕು ದಿನ ಬಂದರೆ ಅಲ್ಲಿನ ತಳಕ್ಕೆ ಆಮ್ಲಜನಕ ಹೋಗೋ ದಾರಿ ಇಲ್ಲ. ಕೆಸರಿನಲ್ಲಿ ಕೊಳೆಯೋದು ಮಾತ್ರ ನಿಲ್ಲಲ್ಲ, ಇದ್ದಷ್ಟನ್ನೂ ತಿಂದು ಮುಗಿಸುತ್ತೆ. ಅದೂ ಅಲ್ಲದೆ ಇಪ್ಪತ್ತು ಡಿಗ್ರಿಯ ನೀರು ಲೀಟರಿಗೆ ಒಂಬತ್ತು ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಮೂವತ್ತು ಡಿಗ್ರಿಯದು ಏಳೂವರೆಯಷ್ಟೇ ಹಿಡಿಯೋದು. ಕಾದ ನೀರಿನಲ್ಲಿ ಹಸಿವು ಹೆಚ್ಚು, ಬುತ್ತಿ ಕಡಿಮೆ.

ಹಿರಿಯರು: ನಮ್ಮ ಕಡೆ ಹಗೇವು ಇರ್ತಿದ್ವು. ಭೂಮಿಯೊಳಗ ಗುಂಡಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದ್ರ ವರ್ಷಗಟ್ಟಲೆ ಕೆಡ್ತಿದ್ದಿಲ್ಲ. ಬರ ಬಿದ್ದಾಗ ತಗೀತಿದ್ರು. ನನಗ ಈ ಜಲಾಶಯ ಅಂದ್ರ ಹಂಗ. ಮಳೆಗಾಲದಾಗ ತುಂಬು, ಮುಚ್ಚಿಡು, ಬೇಸಿಗ್ಯಾಗ ತಗಿ.

ಸಂಶೋಧಕಿ: ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳೀತಿರಲಿಲ್ಲ, ಅಲ್ವಾ ಸರ್? ಕಂದೀಲು ಇಳಿಸಿ ನೋಡ್ತಿದ್ದರು ಅಂತ ಕೇಳಿದೀನಿ.

ಹಿರಿಯರು: ಹೌದು. ದೀಪ ಆರಿತಂದ್ರ ಯಾರನ್ನೂ ಇಳಿಸ್ತಿದ್ದಿಲ್ಲ. ಅವಸರ ಮಾಡಿ ಜೀವ ಕಳಕೊಂಡವರು ಅದಾರ.

ಸಂಶೋಧಕಿ: ಈ ನೀರಿಗೂ ಒಂದು ಕಂದೀಲು ಇಳಿಸಿ ಅನ್ನೋದೇ ನನ್ನ ವಾದ. ಎಷ್ಟು ಇದೆ ಅಂತ ದಿನಾ ಅಳೀತೀವಿ, ತಳದಲ್ಲಿ ಉಸಿರಿದೆಯಾ ಅಂತ ದಿನಾ ಅಳೆಯಲ್ಲ.

ಇಲ್ಲಿ ಹಿರಿಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಪ್ಪಿದರೆಂದಲ್ಲ, ಅವರ ಮೌನ ಯಾವಾಗಲೂ ಮುಂದಿನ ಪ್ರಶ್ನೆಯ ಸಿದ್ಧತೆ.

ಹಿರಿಯರು: ಉಸಿರು ಯಾರಿಗೆ? ಮೀನಿಗೇನು? ಮೀನಿನ ಮರಿ ಪ್ರತಿವರ್ಷ ತಂದು ಬಿಡ್ತಾರ. ಬೆಳೀತಾವ, ಹಿಡೀತಾರ.

ಸಂಶೋಧಕಿ: ಮರಿ ತಂದು ಬಿಡೋದು ಯಾಕೆ ಅಂದರೆ ಕಾಟ್ಲಾ, ರೋಹು, ಮೃಗಾಲ್ ಯಾವುದೂ ನಿಂತ ನೀರಿನಲ್ಲಿ ಮೊಟ್ಟೆ ಇಡಲ್ಲ. ಅವಕ್ಕೆ ಪ್ರವಾಹದ ಹೊಸ ನೀರು ಬೇಕು. ಬಿಟ್ಟ ಮೇಲೂ ಮೂರಕ್ಕೆ ಮೂರು ಮಹಡಿ. ಕಾಟ್ಲಾ ಮೇಲ್ಮೈಯಲ್ಲಿ ಮೇಯುತ್ತೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ತಳಕ್ಕೆ ಆಮ್ಲಜನಕ ತಪ್ಪಿದರೆ ಮೃಗಾಲ್ ಮನೆ ಬಿಡಬೇಕು. ಅದು ಮೇಲೆ ಬಂದರೆ ಬೇರೆಯವರ ಊಟಕ್ಕೆ ಪೈಪೋಟಿ. ಹೇಗೂ ಬದುಕೋ ತಿಲಾಪಿಯಾದಂಥ ಮೀನು ಆಗ ಗೆಲ್ಲುತ್ತೆ. ಟಿಎಂಸಿ ಪಟ್ಟಿಯಲ್ಲಿ ಒಂದು ಹನಿಯೂ ಕಮ್ಮಿಯಾಗಿರಲ್ಲ, ಕೆಳಗಿನ ಮಹಡಿ ಮಾತ್ರ ಖಾಲಿ.

ಹಿರಿಯರು: ಪಾಚಿ? ತುಂಗಭದ್ರಾ ಜಲಾಶಯದಾಗ ನೀರು ಹಚ್ಚಗ ಆಗೋದು ನಾ ನೋಡೀನಿ.

ಸಂಶೋಧಕಿ: ಅದೂ ಇದೇ ಕತೆ. ಮೈಕ್ರೋಸಿಸ್ಟಿಸ್ ಅನ್ನೋ ನೀಲಿಹಸಿರು ಪಾಚಿಯ ಕೋಶದೊಳಗೆ ಗಾಳಿಯ ಸಣ್ಣ ಚೀಲಗಳಿರುತ್ತವೆ. ನೀರು ಸುಮ್ಮನಿದ್ದರೆ ಅದು ತೇಲಿ ಮೇಲೆ ಬಂದು ಬಿಸಿಲನ್ನೆಲ್ಲ ಹಿಡಿದುಕೊಳ್ಳುತ್ತೆ, ಎಷ್ಟೋ ಸಲ ವಿಷವನ್ನೂ ಬಿಡುತ್ತೆ. ಡಯಾಟಮ್‌ಗಳಿಗೆ ಸಿಲಿಕಾದ ಕವಚ, ಭಾರ. ನೀರು ಕಲಕುತ್ತಿದ್ದರೆ ಮಾತ್ರ ಮುಳುಗದೆ ಇರಬಲ್ಲವು. ಮೀನುಮರಿಗಳ ಸರಪಳಿಗೆ ಒಳ್ಳೆಯ ಮೇವು ಅವೇ. ಅದೇ ನೀರು, ಅದೇ ಗೊಬ್ಬರ. ಕಲಕಿದರೆ ಒಬ್ಬರ ರಾಜ್ಯ, ಸುಮ್ಮನಿದ್ದರೆ ಇನ್ನೊಬ್ಬರದು.

ಹಿರಿಯರು: ಈಗ ನಾ ಕೇಳ್ತೀನಿ, ಹೇಳು. ಕಲಕೋದು ಒಳ್ಳೇದು ಅಂದಿ. ತಳದಾಗ ಹೂಳು ಐತಿ, ಐವತ್ತು ವರ್ಷದ್ದು. 1976ರಾಗ ಇಂದಿರಾ ಗಾಂಧಿಯವರು ಉದ್ಘಾಟನೆ ಮಾಡಿದಾಗಿಂದ ಬಂದದ್ದು ಬಂದದ್ದೇ. ಕಬ್ಬಿನ ಹೊಲದ ಗೊಬ್ಬರ, ಊರೂರ ಹೊಲಸು, ಎಲ್ಲಾ ಅದರೊಳಗ ಕುಂತೈತಿ. ಅದನ್ನ ಕಲಕಿದ್ರ ಮ್ಯಾಲೆ ಬರೋದು ಅಮೃತ ಏನು?

ಸಂಶೋಧಕಿ: ಅಲ್ಲ. ಅದು ನಿಜವಾದ ಅಪಾಯ. ಆಮ್ಲಜನಕ ಇರೋವರೆಗೆ ಕೆಸರಿನ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತೆ. ಆಮ್ಲಜನಕ ಹೋದರೆ ಹಿಡಿತ ಬಿಡುತ್ತೆ. ಆಮೇಲೆ ಒಂದು ದೊಡ್ಡ ಗಾಳಿ ಬಂದರೆ ರಂಜಕ, ಅಮೋನಿಯ, ಗಂಧಕದ ವಿಷಾನಿಲ ಎಲ್ಲಾ ಒಟ್ಟಿಗೆ ಮೇಲೆ. ಕ್ಯಾಲಿಫೋರ್ನಿಯಾದ ಸಾಲ್ಟನ್ ಸೀಯಲ್ಲಿ ಆಗೋದು ಇದೇ. 1905ರಲ್ಲಿ ಕೊಲೊರಾಡೊ ನದಿಯ ಕಾಲುವೆ ಒಡೆದು ತುಂಬಿಕೊಂಡ ಒಳನಾಡಿನ ಸಮುದ್ರ ಅದು, ಹೊರದಾರಿ ಇಲ್ಲ. ಹೊಲಗಳ ಬಸಿನೀರು ಒಳಗೆ ಬರುತ್ತೆ. ಬೇಸಿಗೆಯಲ್ಲಿ ತಳ ಕೊಳೆತು ನಿಂತಿರುತ್ತೆ, ಗಾಳಿ ಅದನ್ನು ಮಗುಚಿದಾಗ ಮೀನು ಸಾಯ್ತವೆ. 1999ರ ಆಗಸ್ಟಿನಲ್ಲಿ ಲಕ್ಷಗಟ್ಟಲೆ ತಿಲಾಪಿಯಾ ಸತ್ತು ದಡಕ್ಕೆ ಬಂದವು.

ಹಿರಿಯರು: ತಿಲಾಪಿಯಾ! ಹೇಗೂ ಬದುಕತೈತಿ ಅಂದ್ಯಲ್ಲ ಈಗ?

ಸಂಶೋಧಕಿ: ಅದೂ ಉಳಿಯಲಿಲ್ಲ ಅಂದರೆ ನೀರು ಎಷ್ಟು ಕೆಟ್ಟಿರಬೇಕು ನೋಡಿ. ಆದರೆ ಮೀನನ್ನು ಕೊಂದದ್ದು ಬೆರಕೆ ಒಂದೇ ಅಲ್ಲ, ಅದಕ್ಕೆ ಮುಂಚಿನ ಬಹುದಿನದ ಬೆರೆಯದಿರುವಿಕೆ. ಸ್ವಲ್ಪ ಸ್ವಲ್ಪವಾಗಿ ದಿನಾ ಬೆರೆತಿದ್ದರೆ ತಳದಲ್ಲಿ ಅಷ್ಟು ವಿಷ ಕೂಡ್ತಾನೇ ಇರಲಿಲ್ಲ.

ಹಿರಿಯರು: ಮಾತು ಛಲೋ ಐತಿ. ಆದ್ರ ದಿನಾ ಬೆರಸಾಕ ಗಾಳಿಗೆ ಆರ್ಡರ್ ಕೊಡಾಕ ಬರಂಗಿಲ್ಲ.

ಸಂಶೋಧಕಿ: ಗಾಳಿಗೆ ಆಗಲ್ಲ. ನದಿಗೆ ಕೊಡಬಹುದು, ಯಾಕೆಂದರೆ ಅದರ ಬಾಗಿಲೆಲ್ಲ ನಮ್ಮ ಕೈಯಲ್ಲಿದೆ. ಜುಲೈನಲ್ಲಿ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯ ಕಡೆ ಸುರಿದ ಮಳೆ ತಣ್ಣಗೆ, ಮಣ್ಣು ತುಂಬಿಕೊಂಡು ಬರುತ್ತೆ. ಜಲಾಶಯದ ನೀರಿಗಿಂತ ಭಾರ. ಹಿನ್ನೀರಿಗೆ ಸೇರಿದ ಕೂಡಲೇ ಅದು ಮೇಲೆ ಹರಿಯಲ್ಲ, ಕೆಳಗೆ ಮುಳುಗಿ ಹಳೇ ನದಿಯ ದಾರಿ ಹಿಡಿದು ತಳದಲ್ಲೇ ಸಾಗುತ್ತೆ. ಬೇಸಿಗೆಯೆಲ್ಲ ಉಸಿರುಗಟ್ಟಿದ ಜಾಗಕ್ಕೆ ಆಮ್ಲಜನಕ ಒಯ್ಯೋದು ಆ ನೀರೇ. ಆ ಮೊದಲ ಪ್ರವಾಹವನ್ನೇ ಮೇಲಿನ ಅಣೆಕಟ್ಟುಗಳು ಹಿಡಿದುಕೊಳ್ಳುತ್ತವೆ. ಗಂಗಾಪುರ, ದಾರಣಾ, ಭಂಡಾರದರಾ, ಮುಳಾ, ಒಂದಾದ ಮೇಲೆ ಒಂದು.

ಹಿರಿಯರು: ಮೊದಲ ಪ್ರವಾಹ ಅಂದ್ರ ನಾಶಿಕ್ಕಿನ ಗಟಾರದ ಮೊದಲ ನೀರೂ ಹೌದಲ್ಲ? ಬೇಸಿಗ್ಯಾಗ ಅಲ್ಲಿ ನದಿಯ ಮ್ಯಾಲೆ ಅಂತರಗಂಗೆ ಹಾಸಿರ್ತೈತಿ, ಅದು ಹರಿದು ಇಲ್ಲಿಗೇ ಬರ್ತೈತಿ. ರಾಮಕುಂಡದ ಸುತ್ತ ನದಿಯ ತಳಕ್ಕ ಕಾಂಕ್ರೀಟ್ ಹಾಕಿ ಸೆಲೆ ಮುಚ್ಚಿದ್ರು. ಅದನ್ನ ತಗಸಾಕ ಜನ ಕೋರ್ಟಿಗೆ ಹೋಗಬೇಕಾತು. ಅಂಥ ಊರಿನ ನೀರು ಜೋರಾಗಿ ಬರಲಿ ಅಂತೀ. ಇಲ್ಲಿ ಸಂಭಾಜಿನಗರದಾಗ ನಳಕ್ಕ ನೀರು ಬರೋದ ದಿನಾ ಬಿಟ್ಟು ದಿನಾ ಅಲ್ಲ, ಎಷ್ಟೋ ದಿನಕ್ಕೊಮ್ಮೆ. ಬಂದ ನೀರು ಹೊಲಸಾದ್ರ?

ಸಂಶೋಧಕಿ: ಹೊಲಸನ್ನು ಮೂಲದಲ್ಲೇ ತಡೀಬೇಕು. ಅದಕ್ಕೆ ಹರಿವನ್ನು ತಡೆಯೋದು ಉತ್ತರ ಅಲ್ಲ.

ಹಿರಿಯರು: ಮೂಲದಾಗ ತಡೀಬೇಕು ಅಂತ ನಾನೂ ಎಷ್ಟೋ ಮೀಟಿಂಗಿನ್ಯಾಗ ಬರದೀನಿ. ತಡೆಯೋತನಕ ಏನು? ನೀರು ನಿಂತ್ರ ಮಣ್ಣು ಕೆಳಗ ಕೂಡ್ತೈತಿ, ಬಿಸಿಲಿಗೆ ರೋಗದ ಕ್ರಿಮಿ ಸಾಯ್ತಾವ. ನಿಲ್ಲೋದು ಸೈತ ನೀರಿಗೆ ಒಂದು ಔಷಧ. ಶುದ್ಧೀಕರಣದವರು ಮೊದಲು ಮಾಡೋದ ನೀರು ನಿಲ್ಲಿಸೋದು.

ಈ ಮಾತಿಗೆ ಅವಳು ತಲೆಯಾಡಿಸಿದಳು. ನಿಂತ ನೀರೆಂದರೆ ಕೆಟ್ಟದ್ದೆಂದು ನಮ್ಮ ಗಾದೆಗಳು ಕಲಿಸಿವೆ, ಹರಿವಿನ ಪರವಾಗಿ ಬರೆಯುವವರು ನಿಲ್ಲುವುದೂ ಔಷಧವೆಂಬ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು.

ಹಿರಿಯರು: ನೀ ನೋಡಿ ಬಂದ ನಾಂದೂರ್ ಮಧಮೇಶ್ವರನ ತಗೋ. ಗೋದಾವರಿ, ಕಡವಾ ಕೂಡೋ ಕಡೆ ಬ್ರಿಟಿಷರ ಕಾಲದ ಒಡ್ಡು. ಹೂಳು ತುಂಬಿ ತುಂಬಿ ಅಲ್ಲಿ ನಡುಗಡ್ಡೆ, ಜೌಗು, ಆಪು ಎಲ್ಲಾ ಹುಟ್ಟಿದ್ವು. ಎಂಜಿನಿಯರ್ ಲೆಕ್ಕದಾಗ ಅದು ಕೆಟ್ಟ ಕೆಲಸ, ನೀರು ಹಿಡಿಯಂಗಿಲ್ಲ. ನಿಮ್ಮ ಲೆಕ್ಕದಾಗ ಅದು ಪಕ್ಷಿಗಳ ಸ್ವರ್ಗ. ಸಲೀಂ ಅಲಿಯವರು ಮಹಾರಾಷ್ಟ್ರದ ಭರತಪುರ ಅಂದ್ರಂತ. 2019ರಾಗ ರಾಜ್ಯದ ಮೊದಲ ರಾಮ್‌ಸರ್ ತಾಣ ಆತು. ಹರಿವು ಕೆಟ್ಟದ್ದಕ್ಕ ಬಂದ ವೈಭವ ಅಲ್ಲೇನು?

ಸಂಶೋಧಕಿ: ಅರ್ಧ ಹೌದು. ಹರಿವು ನಿಧಾನವಾಗದಿದ್ದರೆ ಆ ಜೌಗು ಇರ್ತಾ ಇರಲಿಲ್ಲ. ಇನ್ನರ್ಧ ಏನು ಅಂದರೆ ಅಲ್ಲಿ ನೀರು ಏರುತ್ತೆ, ಇಳಿಯುತ್ತೆ. ಅಂಗೈಯಷ್ಟು ಆಳದ ನೀರಿನಲ್ಲಿ ತಳದವರೆಗೂ ಬೆಳಕು, ತಳದವರೆಗೂ ಗಾಳಿ. ಇಲ್ಲಿಯೂ ಹಾಗೇ, ನಾಥಸಾಗರ ಇಳಿದಾಗ ತೆರೆದುಕೊಳ್ಳೋ ಕೆಸರುದಂಡೆಗೆ ರಾಜಹಂಸಗಳು ಬರ್ತವೆ, ಚಳಿಗಾಲಕ್ಕೆ ಪಟ್ಟೆತಲೆಯ ಹೆಬ್ಬಾತು ಬರುತ್ತೆ. 1986ರಲ್ಲಿ ಎರಡೂ ಕಡೆ ಅಭಯಾರಣ್ಯ ಘೋಷಣೆ ಆಯ್ತಲ್ಲ, ಅದು ತುಂಬಿದ ನೀರಿಗೆ ಸಿಕ್ಕ ಪದವಿ ಅಲ್ಲ, ಏರಿಳಿಯೋ ನೀರಿಗೆ ಸಿಕ್ಕಿದ್ದು.

ಹಿರಿಯರು: ಇಳಿಯೋದು ಹಕ್ಕಿಗೆ ಹಬ್ಬ. ಇಲ್ಲಿನ ರೈತನಿಗೆ, ಊರಿಗೆ ಅದು ಬರ. ಸರಿ, ಲೋಣಾರ್ ಬಗ್ಗೆ ಏನಂತಿ? ಉಲ್ಕೆ ಬಿದ್ದು ಆದ ಕೆರಿ. ಹೊರಗ ಹೋಗೋ ದಾರಿ ಇಲ್ಲ, ನದಿ ಇಲ್ಲ, ಹರಿವಿಲ್ಲ. ಅದನ್ನ ಹಂಗೇ ಕಾಪಾಡ್ರಿ ಅಂತ ನೀವ ಕೂಗ್ತೀರಿ.

ಸಂಶೋಧಕಿ: ಅಲ್ಲಿ ಹೊರದಾರಿ ಇಲ್ಲದ್ದೇ ಆ ಜೀವಲೋಕದ ಅಡಿಪಾಯ, ಸರ್. ಉಪ್ಪು, ಕ್ಷಾರ ಸೇರಿ ಸೇರಿ ಅಂಥ ನೀರಿಗೇ ಹೊಂದಿಕೊಂಡ ಸೂಕ್ಷ್ಮಜೀವಿಗಳು ಅಲ್ಲಿವೆ. 2020ರ ಜೂನಿನಲ್ಲಿ ನೀರು ಇಳಿದು ಉಪ್ಪು ಹೆಚ್ಚಿ ಕೆರೆಯೇ ಗುಲಾಬಿ ಬಣ್ಣಕ್ಕೆ ತಿರುಗಿತು. ಉಪ್ಪನ್ನು ಪ್ರೀತಿಸೋ ಜೀವಿಗಳ ಬಣ್ಣ ಅದು ಅಂತ ಪುಣೆಯ ಅಗರ್ಕರ್ ಸಂಸ್ಥೆಯವರು ಪರೀಕ್ಷೆ ಮಾಡಿ ಹೇಳಿದರು. ಮಳೆ ಬಂದು ಬಣ್ಣ ಹೋಯ್ತು. ಅಲ್ಲಿಗೆ ಸಿಹಿನೀರು ಹರಿಸಿ ಬೆರೆಸಿದರೆ ಹಾನಿ.

ಹಿರಿಯರು: ಅಂದ್ರ ಇಲ್ಲಿ ಬೆರೀಬೇಕು, ಅಲ್ಲಿ ಬೆರೀಬಾರದು. ನಾಂದೂರಿನ್ಯಾಗ ಒಂದಷ್ಟು. ತಂಗಿ, ಗೇಟ್ ಮ್ಯಾಲೆ ನಿಂತವನಿಗೆ ಒಂದು ನಿಯಮ ಬೇಕು. ಕೆರಿಗೊಂದು ವೇದ ಓದಿಕೋತ ಕುಂದ್ರಾಕ ಆಗಂಗಿಲ್ಲ.

ಸಂಶೋಧಕಿ: ಆ ನೀರಿನ ಜೀವಿಗಳು ಯಾವ ಚಲನೆಗೆ ಒಗ್ಗಿಕೊಂಡಿವೆಯೋ ಅದನ್ನು ಕೆಡಿಸಬಾರದು. ನಿಯಮ ಅಂದರೆ ಇದೊಂದೇ. ಆದರೆ ಹೌದು, ಪ್ರತಿ ನೀರನ್ನೂ ಬೇರೆಯಾಗಿ ಓದಬೇಕು.

ಹಿರಿಯರು: ನೀರೇ ಇಲ್ಲಂದ್ರ ಓದೋದೇನು? ಅರಲ್ ಸಮುದ್ರದ ಕತಿ ನಿನಗ ಗೊತ್ತೈತಿ. 1960ರ ನಂತರ ಅಮು ದರ್ಯಾ, ಸಿರ್ ದರ್ಯಾ ಎರಡೂ ನದಿ ಹತ್ತಿ ಹೊಲಕ್ಕ ತಿರುಗಿಸಿದ್ರು, ಸಮುದ್ರ ಬತ್ತಿತು. ಉತ್ತರದ ತುಂಡನ್ನ ಉಳಿಸಿದ್ದು ಏನು? 2005ರಾಗ ಕಟ್ಟಿದ ಕೋಕ್ ಅರಲ್ ಒಡ್ಡು. ನೀರು ಏರಿತು, ಉಪ್ಪು ಇಳೀತು, ಮೀನು ಬಂದ್ವು. ಒಡ್ಡೇ ಒಂದು ಸಮುದ್ರ ಉಳಿಸೈತಿ. ಮೊದಲು ಪರಿಮಾಣ, ಆಮ್ಯಾಲೆ ನಿನ್ನ ಚಲನೆ.

ಸಂಶೋಧಕಿ: ಒಪ್ತೀನಿ. ಅದೇ ಒಡ್ಡು ದಕ್ಷಿಣದ ತುಂಡಿಗೆ ಹೋಗ್ತಿದ್ದ ನೀರನ್ನೂ ತಡೀತು, ದಕ್ಷಿಣ ಒಣಗ್ತಾನೇ ಹೋಯ್ತು. ಯಾವುದು ಬದುಕಬೇಕು ಅಂತ ಯಾರೋ ಆರಿಸಿದರು. ಇಲ್ಲಿಯೂ ನಾಶಿಕ್ ಮತ್ತು ಮರಾಠವಾಡದ ನಡುವೆ ಆಗ್ತಿರೋದು ಅದೇ ಆಯ್ಕೆ. 2014ರಲ್ಲಿ ರಾಜ್ಯದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ ಹೇಳಿತಲ್ಲ, ಅಕ್ಟೋಬರ್ 15ಕ್ಕೆ ಜಾಯಕವಾಡಿ ಶೇಕಡಾ 65ಕ್ಕಿಂತ ಕಡಿಮೆ ಇದ್ದರೆ ಮೇಲಿನವರು ನೀರು ಬಿಡಬೇಕು ಅಂತ. ನ್ಯಾಯ ಇದೆ. ಆದರೆ ಆ ನಿಯಮಕ್ಕೆ ಎಷ್ಟು ಅನ್ನೋದು ಗೊತ್ತು, ಯಾವಾಗ ಅನ್ನೋದು ಗೊತ್ತಿಲ್ಲ. ಆದೇಶ, ತಕರಾರು, ಬಂದೋಬಸ್ತು ಮುಗಿದು ನೀರು ಬರೋದು ನವೆಂಬರಿಗೆ. ಒಣಗಿದ ಪಾತ್ರದಲ್ಲಿ ದಾರಿಯುದ್ದಕ್ಕೂ ಇಂಗಿ, ಇಲ್ಲಿಗೆ ಮುಟ್ಟೋ ಹೊತ್ತಿಗೆ ಅದರಲ್ಲಿ ರಭಸವೂ ಇಲ್ಲ, ಮೀನಿನ ಮೊಟ್ಟೆಯ ಕಾಲವೂ ದಾಟಿದೆ. ಅದೇ ನೀರಿನಲ್ಲಿ ಒಂದು ಪಾಲನ್ನು ಜುಲೈ ಆಗಸ್ಟಿನಲ್ಲಿ ಪ್ರವಾಹದ ಜೊತೆಗೇ ಬಿಟ್ಟಿದ್ದರೆ?

ಹಿರಿಯರು: ಜುಲೈನಾಗ ಮುಂದಿನ ಮಳಿ ಹೆಂಗ ಬರ್ತೈತಿ ಅಂತ ಯಾವ ಎಂಜಿನಿಯರಿಗೆ ಗೊತ್ತು? ಗಂಗಾಪುರ ಖಾಲಿ ಬಿಟ್ಟು ಕುಂತ, ಆಗಸ್ಟ್ ಕೈ ಕೊಟ್ರ ನಾಶಿಕ್ಕಿನ ದ್ರಾಕ್ಷಿ ರೈತ ಯಾರ ಮನಿ ಬಾಗಿಲಿಗೆ ಹೋಗಬೇಕು? 2016ರಾಗ ಲಾತೂರಿಗೆ ಮೀರಜಿನಿಂದ ರೈಲಿನ್ಯಾಗ ನೀರು ಹೊತ್ತ್ರು. ಅದನ್ನ ಕಂಡವರು ಬಾಗಿಲು ತಗೀಯಾಕ ಅಂಜ್ತಾರ. ಇನ್ನೊಂದು ಕಡೆ 2006ರ ಆಗಸ್ಟಿನ್ಯಾಗ ಇದೇ ಗೇಟ್ ತಗದಾಗ ಪೈಠಣದೊಳಗ ನೀರು ನುಗ್ಗಿತು. ಎರಡರ ನಡುವಿನ ಗೆರಿ ಭಾಳ ಸಣ್ಣದೈತಿ. ಕೃಷ್ಣಾ ಮೇಲ್ದಂಡೆ ಹಿನ್ನೀರಿನ್ಯಾಗ ಹಳೇ ಬಾಗಲಕೋಟೆಯೊಳಗಿನ ನಮ್ಮ ಮನಿನೂ ಮುಳುಗೈತಿ, ತಂಗಿ. ಅಷ್ಟು ಕಳಕೊಂಡು ಕೂಡಿಸಿದ ನೀರನ್ನ ತಳದ ಉಸಿರಿಗೆ ಅಂತ ಬಿಡ್ರಿ ಅಂದ್ರ ಕೈ ಬರಂಗಿಲ್ಲ.

ಸಂಶೋಧಕಿ: ಕೂಡಿಸಿದ್ದರಲ್ಲಿ ಎಷ್ಟೋ ಭಾಗ ಆಕಾಶಕ್ಕೆ ಹೋಗ್ತಿದೆಯಲ್ಲ, ಸರ್. ಬೇಸಿಗೆಯಲ್ಲಿ ಊರು ಕುಡಿಯೋದಕ್ಕಿಂತ ಈ ನೀರಿನಿಂದ ಆವಿಯಾಗೋದೇ ಹೆಚ್ಚು.

ಹಿರಿಯರು: ಅದಕ್ಕ ನೀರಿನ ಮ್ಯಾಲೆ ತೇಲೋ ಸೌರಫಲಕ ಹಾಕೋ ಯೋಜನೆ ಬಂದದ್ದು. ಆವಿನೂ ಕಮ್ಮಿ, ಕರೆಂಟೂ ಸಿಗ್ತೈತಿ. ಅದಕ್ಕೂ ತಕರಾರು ಹೋತು. 2025ರಾಗ ಸುಪ್ರೀಂ ಕೋರ್ಟ್ ಆ ಅರ್ಜಿ ಎತ್ತಿಕೊಳ್ಳಲಿಲ್ಲ. ನಿನಗ ಅದೂ ಬ್ಯಾಡೇನು?

ಸಂಶೋಧಕಿ: ಬೇಡ ಅಂತ ನಾನು ಹೇಳಲ್ಲ. ಫಲಕದ ಕೆಳಗೆ ಬಿಸಿಲು ಕಮ್ಮಿ, ಹಾಗಾಗಿ ಪದರ ಕಟ್ಟೋದೂ ಕಮ್ಮಿ, ಪಾಚಿಯೂ ಕಮ್ಮಿ. ಅದು ಒಳ್ಳೆಯದು. ಆದರೆ ಗಾಳಿ ನೀರನ್ನು ಮುಟ್ಟಲ್ಲ, ಬೆರಕೆ ಕುಗ್ಗುತ್ತೆ, ಡಯಾಟಮ್‌ಗಳಿಗೆ ಬೆಳಕೂ ತಪ್ಪುತ್ತೆ. ಎಷ್ಟು ಜಾಗ, ಯಾವ ಜಾಗ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ದಂಡೆಯ ಆಳವಿಲ್ಲದ ನೀರಿನ ಮೇಲೆ ಹಾಸಿದರೆ ಹಕ್ಕಿಗೂ ಬಲೆ ಬೀಸೋರಿಗೂ ನಷ್ಟ. ಹಾಕೋಕೆ ಮುಂಚೆ ಎರಡು ಮಳೆಗಾಲ ಮೂರು ಆಳದಲ್ಲಿ ಆಮ್ಲಜನಕ, ಉಷ್ಣತೆ ಅಳೆಯಿರಿ ಅಂತೀನಿ. ಮೇಲೆ, ನಡುವೆ, ತಳದಲ್ಲಿ. ನಿಮ್ಮ ಟಿಎಂಸಿ ಬರೆಯೋ ಅದೇ ಪುಸ್ತಕದಲ್ಲಿ, ಅದೇ ಸಾಲಿನಲ್ಲಿ.

ಹಿರಿಯರು: ಅಳೀಲಿ. ಅದಕ್ಕ ನನ್ನ ತಕರಾರು ಇಲ್ಲ. ಬೇಕಾದ್ರ ಅರ್ಜಿ ನಾನ ಬರೀತೀನಿ, ಹಳೇ ಪರಿಚಯದವರು ಅದಾರ. ಆದ್ರ ತಳದಾಗ ಆಮ್ಲಜನಕ ಎರಡು ಮಿಲಿಗ್ರಾಂಗೆ ಇಳೀತು ಅಂತ ಬರದ ದಿನ ಗೇಟ್ ತಗೀಬೇಕು ಅಂತ ನಿಯಮ ಮಾಡ್ರಿ ಅಂದ್ರ ನಾ ಸಹಿ ಹಾಕಂಗಿಲ್ಲ.

ಸಂಶೋಧಕಿ: ಏನೂ ಮಾಡೋದಿಲ್ಲ ಅಂತಾದರೆ ಅಳೆದದ್ದು ಕಡತದಲ್ಲೇ ಉಳಿಯುತ್ತೆ.

ಹಿರಿಯರು: ಅಳೀಲಾರದ ತಗದ್ರ ಊರು ಮುಳುಗ್ತೈತಿ. ಮೊದಲು ಐದು ವರ್ಷ ಅಂಕಿ ಕೂಡ್ಲಿ.

ಸಂಶೋಧಕಿ: ಐದು ವರ್ಷ ಮೃಗಾಲ್ ಕಾಯಬೇಕಲ್ಲ, ಸರ್. ಎರಡು ಮಳೆಗಾಲ ಅನ್ನಿ.

ಹಿರಿಯರು: ಮೂರು ಮಳೆಗಾಲ. ಅದರಾಗ ಒಂದು ಬರಗಾಲದ್ದು ಇರಬೇಕು, ಇಲ್ಲಂದ್ರ ಆ ಲೆಕ್ಕ ಲೆಕ್ಕ ಅಲ್ಲ.

ಸಂಶೋಧಕಿ: ಬರಗಾಲದಲ್ಲಿ ಅಳೆಯೋಕೆ ತಳಕ್ಕೆ ಯಾರನ್ನು ಕಳಿಸ್ತಾರೆ? ಆಗ ಎಲ್ಲರೂ ಟ್ಯಾಂಕರ್ ಹಿಂದೆ ಇರ್ತಾರೆ.

ಹಿರಿಯರು: ಮೀನುಗಾರರನ್ನ ಕೇಳು. ಟ್ಯಾಂಕರ್ ಬಂದ್ರೂ ಬರಲಿಕ್ಕರೂ ಅವರು ದಿನಾ ನೀರಿನ ಮ್ಯಾಲೇ ಇರ್ತಾರ. ಅವರಿಗೆ ಮೀಟರ್ ಕೊಡು, ದಿನಗೂಲಿ ಕೊಡು. ಆದ್ರ ಆ ದಿನಗೂಲಿ ಯಾವ ಇಲಾಖೆ ಕೊಡತೈತಿ ಅನ್ನೋದನ್ನ ಈಗಲೇ ಅರ್ಜಿಯೊಳಗ ಬರಿ. ಅದನ್ನ ಬರೀಲಿಲ್ಲಂದ್ರ ನೀರಾವರಿಯವರು ಅರಣ್ಯದವರ ಕಡೆ ಕೈ ತೋರಸ್ತಾರ, ಅರಣ್ಯದವರು ಮೀನುಗಾರಿಕೆಯವರ ಕಡೆ.